ಕೆಟ್ಟ ನಾಳೆಯ ಕಾಮಿಕ್ಸ್‌ನಲ್ಲಿ ಹೆಣ್ಣು: ಆ ಚಿತ್ರ ಯಾರ ಕಣ್ಣಿನದು?

ಪೆನ್ನಿ ರೋಲ್ ಎಂಬ ದೊಡ್ಡ ಮೈಯ ಹೆಂಗಸನ್ನು ಅಧಿಕಾರದ ಗಂಡಸರು ವಿಚಾರಣೆಗೆ ಕೂರಿಸಿದ್ದಾರೆ. ಅವಳ ಮೇಲಿರುವ ಆರೋಪಗಳಲ್ಲಿ ಅವಳ ದಪ್ಪವೂ ಒಂದು. ಇವಳನ್ನು ಸರಿ ಮಾಡಲೇಬೇಕು ಅನ್ನುವುದು ಅವರ ಹಟ. ಅದಕ್ಕಾಗಿ ಒಂದು ಯಂತ್ರ ಇದೆ. 'ನಾನು ಹೀಗಿದ್ದಿದ್ದರೆ' ಅಂತ ಮನುಷ್ಯರು ಒಳಗೊಳಗೇ ಆಸೆಪಡುವ ರೂಪವನ್ನು ಅದು ಮನಸ್ಸಿನಿಂದ ಎಳೆದು ಎದುರಿಗೆ ತೋರಿಸುತ್ತದೆ. ತೆಳ್ಳಗಿನ, ನಯವಾದ, ತಗ್ಗಿಬಗ್ಗಿ ನಡೆಯುವ ಪೆನ್ನಿ ಮೂಡುತ್ತಾಳೆ ಅಂತ ಅವರು ಕಾಯುತ್ತಾರೆ. ಮೂಡುವುದು ಪೆನ್ನಿಯೇ. ಈಗ ಹೇಗಿದ್ದಾಳೋ ಹಾಗೇ. ಅದೇ ತೋಳು, ಅದೇ ಹೊಟ್ಟೆ, ಅದೇ ಮುಖ. ಅವಳು ನಗುತ್ತಾಳೆ.

ಇದು 'ಬಿಚ್ ಪ್ಲಾನೆಟ್' ಕಾಮಿಕ್ಸ್‌ನ ಮೂರನೇ ಸಂಚಿಕೆ. ಸರಣಿ ಬರೆದವರು ಕೆಲ್ಲಿ ಸ್ಯೂ ಡಿಕಾನಿಕ್. ಚಿತ್ರ ವ್ಯಾಲೆಂಟೈನ್ ಡಿ ಲ್ಯಾಂಡ್ರೊ ಅವರದು. ಈ ಒಂದು ಸಂಚಿಕೆಗೆ ಮಾತ್ರ ರಾಬರ್ಟ್ ವಿಲ್ಸನ್ ಚಿತ್ರ ಬರೆದಿದ್ದಾರೆ. 2014ರ ಡಿಸೆಂಬರ್‌ನಲ್ಲಿ ಇಮೇಜ್ ಕಾಮಿಕ್ಸ್ ಇದನ್ನು ಶುರು ಮಾಡಿತು.

ಇದೇ ದೃಶ್ಯವನ್ನು ಕಾದಂಬರಿಯಲ್ಲಿ ಒಂದು ಸಾಲಿನಲ್ಲಿ ಮುಗಿಸಬಹುದಿತ್ತು: 'ಅವಳಿಗೆ ತನ್ನ ಮೈ ಬಗ್ಗೆ ನಾಚಿಕೆ ಇರಲಿಲ್ಲ.' ನಾವು ಓದಿ, ಒಪ್ಪಿ, ಮುಂದೆ ಹೋಗುತ್ತಿದ್ದೆವು. ಕಾಮಿಕ್ಸ್‌ನಲ್ಲಿ ಹಾಗಾಗುವುದಿಲ್ಲ. ಆ ಮೈಯನ್ನು ಚಿತ್ರಗಾರ ಬರೆಯಲೇಬೇಕು. ಎಷ್ಟು ದೊಡ್ಡದಾಗಿ, ಯಾವ ಕೋನದಿಂದ, ಎಷ್ಟು ಗೌರವದಿಂದ ಅನ್ನುವುದನ್ನು ಪ್ರತಿ ಚೌಕದಲ್ಲೂ ತೀರ್ಮಾನ ಮಾಡಲೇಬೇಕು. ನಾವು ಅದನ್ನು ನೋಡಲೇಬೇಕು. ಹೇಗೆ ನೋಡಿದೆವು ಅನ್ನುವುದೂ ನಮಗೆ ಗೊತ್ತಾಗಿಬಿಡುತ್ತದೆ.

ಡಿಸ್ಟೋಪಿಯಾ ಅಂದರೆ ಎಲ್ಲವೂ ಕೆಟ್ಟು ಕೂತ ನಾಳೆಯ ಲೋಕ. ಅಲ್ಲಿನ ಆಳ್ವಿಕೆ ಮೊದಲು ಕೈ ಹಾಕುವುದು ದೇಹಕ್ಕೆ. ಯಾರು ಹೆರಬೇಕು, ಯಾರು ಹೆರಬಾರದು, ಯಾರು ಏನು ಉಡಬೇಕು, ಯಾರ ಮೇಲೆ ಯಾವ ಗುರುತು ಹಾಕಬೇಕು, ಎಲ್ಲ ಅಲ್ಲೇ ಶುರು. ಕಾಮಿಕ್ಸ್ ಕೂಡ ದೇಹವನ್ನು ಬರೆಯುವ ಕಲೆ. ಜೊತೆಗೆ ಹೆಣ್ಣಿನ ಮೈಯನ್ನು ತೋರಿಸಿ ಮಾರಿದ ಇತಿಹಾಸ ಅದಕ್ಕಿದೆ. ಹಾಗಾಗಿ ಈ ಕಥೆಗಳ ಸ್ತ್ರೀವಾದವನ್ನು ಪಾತ್ರಗಳ ಮಾತಿನಲ್ಲಿ ಹುಡುಕಿದರೆ ಅರ್ಧ ಮಾತ್ರ ಸಿಗುತ್ತದೆ. ಉಳಿದರ್ಧ ಇರುವುದು ಚೌಕದೊಳಗೆ ಏನನ್ನು ಬರೆದರು, ಎರಡು ಚೌಕಗಳ ನಡುವಿನ ಬಿಳಿ ಜಾಗಕ್ಕೆ ಏನನ್ನು ಬಿಟ್ಟರು ಅನ್ನುವುದರಲ್ಲಿ.

ಆ ಇತಿಹಾಸವನ್ನು ಸ್ವಲ್ಪ ನೋಡೋಣ. 1994ರ ಒಂದು 'ಗ್ರೀನ್ ಲ್ಯಾಂಟರ್ನ್' ಸಂಚಿಕೆಯಲ್ಲಿ ನಾಯಕ ಮನೆಗೆ ಬರುತ್ತಾನೆ. ಅವನ ಗೆಳತಿಯನ್ನು ಕೊಂದು ಫ್ರಿಜ್‌ನಲ್ಲಿ ತುರುಕಿಟ್ಟಿರುತ್ತಾರೆ. ಅವಳ ಸಾವಿನ ಕೆಲಸ ಒಂದೇ, ನಾಯಕನಿಗೆ ಸಿಟ್ಟು ಬರಿಸುವುದು. 1999ರಲ್ಲಿ ಗೇಲ್ ಸಿಮೋನ್ ಇಂಥ ಹೆಣ್ಣು ಪಾತ್ರಗಳ ಪಟ್ಟಿ ಮಾಡಿ ಅಂತರ್ಜಾಲದಲ್ಲಿ ಹಾಕಿದರು. ಕೊಲೆಯಾದವರು, ಅತ್ಯಾಚಾರಕ್ಕೆ ಒಳಗಾದವರು, ಶಕ್ತಿ ಕಳೆದುಕೊಂಡವರು. ಪಟ್ಟಿ ಉದ್ದವಿತ್ತು. 'ಫ್ರಿಜ್‌ಗೆ ಹಾಕುವುದು' ಅನ್ನುವ ಮಾತು ಆಮೇಲೆ ಸಿನಿಮಾ, ಧಾರಾವಾಹಿಗಳ ಚರ್ಚೆಗೂ ದಾಟಿತು. ಸಿಮೋನ್ ಮುಂದೆ ತಾವೇ ಹೆಸರಾಂತ ಕಾಮಿಕ್ಸ್ ಬರಹಗಾರ್ತಿಯಾದರು.

ಇನ್ನೊಂದು ಮಾತು ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ಸಿನಿಮಾ ಚರ್ಚೆಯಲ್ಲಿ ಪದೇ ಪದೇ ಕೇಳುವ ಬೆಕ್ಡೆಲ್ ಟೆಸ್ಟ್ ಹುಟ್ಟಿದ್ದೇ ಕಾಮಿಕ್ಸ್‌ನಲ್ಲಿ. 1985ರಲ್ಲಿ ಅಲಿಸನ್ ಬೆಕ್ಡೆಲ್ ಬರೆದ ಒಂದು ಪುಟ್ಟ ಸ್ಟ್ರಿಪ್ ಅದು. ಸಿನಿಮಾ ನೋಡಬೇಕಾದರೆ ಅದರಲ್ಲಿ ಕನಿಷ್ಠ ಇಬ್ಬರು ಹೆಂಗಸರಿರಬೇಕು, ಅವರು ಪರಸ್ಪರ ಮಾತಾಡಬೇಕು, ಆ ಮಾತು ಗಂಡಸಿನ ಬಗ್ಗೆ ಅಲ್ಲದೆ ಬೇರೇನಾದರೂ ಆಗಿರಬೇಕು. ಆ ಸ್ಟ್ರಿಪ್‌ನ ಹೆಂಗಸು ತಾನು ಕೊನೆಗೆ ನೋಡಲು ಸಾಧ್ಯವಾದ ಸಿನಿಮಾ ಅಂತ ಹೆಸರಿಸುವುದು 'ಏಲಿಯನ್' ಅನ್ನು. ಅದರಲ್ಲಿ ಇಬ್ಬರು ಹೆಂಗಸರು ರಾಕ್ಷಸ ಜೀವಿಯ ಬಗ್ಗೆ ಮಾತಾಡುತ್ತಾರೆ. ಉದಾಹರಣೆಯಾಗಿ ಸಿಕ್ಕಿದ್ದು ಸೈನ್ಸ್ ಫಿಕ್ಷನ್ನೇ ಅನ್ನುವುದು ನನಗೆ ಸುಮ್ನೆ ಆದ ಸಂಗತಿ ಅನ್ನಿಸುವುದಿಲ್ಲ. ಈಗಿನ ಲೋಕದಲ್ಲಿ ಹೆಣ್ಣಿಗೆ ಕೊಡದ ಜಾಗವನ್ನು ಊಹೆಯ ಲೋಕದಲ್ಲಿ ಕೊಡುವುದು ಸುಲಭ.

ಮತ್ತೆ 'ಬಿಚ್ ಪ್ಲಾನೆಟ್'ಗೆ ಬರುತ್ತೇನೆ, ಅದರಲ್ಲಿ ಹೇಳಲು ಜಾಸ್ತಿ ಇದೆ. ಭೂಮಿಯನ್ನು ಆಳುವವರು ತಮ್ಮನ್ನು 'ಫಾದರ್‌ಗಳು' ಅಂತ ಕರೆದುಕೊಳ್ಳುತ್ತಾರೆ. ಹೇಳಿದ ಹಾಗೆ ಕೇಳದ ಹೆಂಗಸರನ್ನು ಬೇರೆ ಗ್ರಹದ ಜೈಲಿಗೆ ಸಾಗಿಸುತ್ತಾರೆ. ಅವರಿಗೆ ಒಂದೇ ಹೆಸರು, 'ನಾನ್ ಕಂಪ್ಲೈಂಟ್'. ಅಂದರೆ ಮಾತು ಕೇಳದವಳು. ಅಪರಾಧಗಳೂ ಅಂಥವೇ. ಜಾಸ್ತಿ ಮಾತು, ಜಾಸ್ತಿ ಸಿಟ್ಟು, ಜಾಸ್ತಿ ತೂಕ.

ಇದರ ಹಿಂದೆ ಒಂದು ಹಳೇ ಸರಕಿದೆ. 1960–70ರ ದಶಕಗಳಲ್ಲಿ ಹೆಂಗಸರ ಜೈಲಿನ ಅಗ್ಗದ ಸಿನಿಮಾಗಳು ಬರುತ್ತಿದ್ದವು. ಕಥೆ ನೆಪ, ಅರೆಬೆತ್ತಲೆ ಕೈದಿಗಳನ್ನು ತೋರಿಸುವುದು ಉದ್ದೇಶ. ಡಿಕಾನಿಕ್ ಆ ಜಾತಿಯನ್ನೇ ಕೈಗೆತ್ತಿಕೊಂಡರು. ಮುಖಪುಟಗಳು ಹಳೇ ಪೋಸ್ಟರುಗಳ ಹಾಗೇ ಇವೆ. ಒಳಗೆ ಹೋದರೆ ಮಾತ್ರ ನೋಡುವ ಕಣ್ಣೇ ಬೇರೆ. ಮೊದಲ ಸಂಚಿಕೆಯಲ್ಲಿ ಕೈದಿಗಳು ಬಟ್ಟೆಯಿಲ್ಲದೆ ಬಂದಿಳಿಯುತ್ತಾರೆ. ಮುದುಕಿಯರಿದ್ದಾರೆ, ದಪ್ಪಗಿರುವವರಿದ್ದಾರೆ, ಸಣಕಲು ಮೈಯವರಿದ್ದಾರೆ. ಯಾರ ಮೈಯೂ ನಮಗೆ ತೋರಿಸಲೆಂದು ಒನೆದು ನಿಂತಿಲ್ಲ. ಅವರಿಗೆ ಚಳಿ, ಭಯ, ಗೊಂದಲ. ಅವರಿಗೆ ಅಪ್ಪಣೆ ಕೊಡುವ ಗುಲಾಬಿ ಬಣ್ಣದ ಹೊಲೊಗ್ರಾಂ ಹೆಂಗಸು ಮಾತ್ರ ಹಳೇ ಕಾಮಿಕ್ಸ್‌ನ ಸುಂದರಿಯ ಅಳತೆಯಲ್ಲಿದ್ದಾಳೆ. 'ಸರಿಯಾದ' ಮೈ ಇರುವವಳು ಇಡೀ ಜೈಲಿನಲ್ಲಿ ಅವಳೊಬ್ಬಳೇ, ಅವಳು ನಿಜದವಳಲ್ಲ. ಇದನ್ನು ಯಾವ ಪಾತ್ರವೂ ಬಾಯಿಬಿಟ್ಟು ಹೇಳುವುದಿಲ್ಲ. ಬಣ್ಣವೇ ಹೇಳುತ್ತದೆ.

ಅದೇ ಸಂಚಿಕೆಯಲ್ಲಿ ಮೇರಿಯನ್ ಕಾಲಿನ್ಸ್ ಎಂಬ ಬಿಳಿಯ ಗೃಹಿಣಿ ಬರುತ್ತಾಳೆ. ನಾನೇನು ತಪ್ಪು ಮಾಡಿದೆ ಅಂತ ಅಳುತ್ತಾಳೆ. ಅತ್ತ ಭೂಮಿಯಲ್ಲಿ ಅವಳ ಗಂಡ ಅಧಿಕಾರಿಗಳ ಮುಂದೆ ಬೇಡಿಕೊಳ್ಳುತ್ತಿದ್ದಾನೆ. ಇವಳೇ ನಾಯಕಿ, ಇವಳು ಬಿಡುಗಡೆಯಾಗುತ್ತಾಳೆ ಅಂತ ನಾವು ನಂಬುತ್ತೇವೆ. ಗಂಡ ಹೊಸ ಹೆಂಡತಿಯ ಜೊತೆ ಹೋಗುತ್ತಾನೆ, ಮೇರಿಯನ್ ಸಾಯುತ್ತಾಳೆ. ಆಗ ಗೊತ್ತಾಗುತ್ತದೆ, ಕಥೆ ಮೊದಲಿಂದಲೂ ಪಕ್ಕದಲ್ಲಿದ್ದ ಕಪ್ಪು ಹೆಂಗಸು ಕಮಾವು ಕೋಗೊಳದು. ಅವಳು ನಮ್ಮ ಕಣ್ಣೆದುರೇ ಇದ್ದಳು. ನಾವೇ ಗಮನ ಕೊಟ್ಟಿರಲಿಲ್ಲ. ಮೊದಲ ಸಲ ಓದಿದಾಗ ನಾನು ವಾಪಸ್ ಹೋಗಿ ಅವಳು ಎಲ್ಲೆಲ್ಲಿ ನಿಂತಿದ್ದಾಳೆ ಅಂತ ಎಣಿಸಿದೆ. ಸ್ತ್ರೀವಾದದ ಹೆಸರಿನಲ್ಲೂ ಯಾರ ನೋವು ಮೊದಲು ಕಾಣುತ್ತದೆ, ಯಾರದು ಹಿನ್ನೆಲೆಯಾಗುತ್ತದೆ ಅನ್ನುವ ಪ್ರಶ್ನೆ ಬಹಳ ವರ್ಷಗಳಿಂದ ಇದೆ. ಆ ಪ್ರಶ್ನೆಯನ್ನು ಈ ಸಂಚಿಕೆ ನನ್ನ ಮೇಲೇ ಪ್ರಯೋಗ ಮಾಡಿ ತೋರಿಸಿತು.

ಫ್ರಿಜ್‌ನ ಮಾತಿಗೂ ಈ ಸರಣಿಯಲ್ಲಿ ಉತ್ತರ ಇದೆ. ಐದನೇ ಸಂಚಿಕೆಯಲ್ಲಿ ಮೈಕೊ ಮಾಕಿ ಎಂಬ ಹುಡುಗಿ ಸಾಯುತ್ತಾಳೆ. ಬೇರೆ ಕಥೆಯಾಗಿದ್ದರೆ ಉಳಿದವರ ಸೇಡಿಗೆ ಅದು ಕಾರಣವಾಗಿ, ಅವಳು ಮರೆತುಹೋಗುತ್ತಿದ್ದಳು. ಇಲ್ಲಿ ಆರನೇ ಸಂಚಿಕೆ ಪೂರ್ತಿ ಅವಳದೇ. ಅವಳ ಮನೆ, ಅವಳ ಅಪ್ಪ ಅಮ್ಮ, ಅವಳು ಜೈಲಿಗೆ ಬಂದ ಕಾರಣ. ಅದಕ್ಕೆ ಚಿತ್ರ ಬರೆದವರು ಟಾಕಿ ಸೋಮಾ. ಅವಳು ಸಾಯುತ್ತಾಳೆ ಅನ್ನುವುದು ಗೊತ್ತಿದ್ದೇ ಅವಳ ಬದುಕನ್ನು ಓದಬೇಕು. ಸತ್ತವಳಿಗೆ ಕಥೆ ವಾಪಸ್ ಕೊಡುವ ಈ ಕ್ರಮ ನನಗೆ ಸರಣಿಯ ಎಲ್ಲ ಹೊಡೆದಾಟಗಳಿಗಿಂತ ದೊಡ್ಡದು.

ಬಿಡಿ ಸಂಚಿಕೆಗಳ ಕೊನೆಯಲ್ಲಿ ಸ್ತ್ರೀವಾದಿ ಲೇಖಕಿಯರ ಪ್ರಬಂಧಗಳಿರುತ್ತಿದ್ದವು. ಹಳೇ ಕಾಮಿಕ್ಸ್‌ನ ಜಾಹೀರಾತುಗಳ ಧಾಟಿಯಲ್ಲೇ, ಹೆಣ್ಣಿಗೆ ಅವಮಾನವನ್ನೇ ಮಾರುವ ಸುಳ್ಳು ಜಾಹೀರಾತುಗಳೂ ಇರುತ್ತಿದ್ದವು. ಓದುಗರು ಸಂಚಿಕೆ ಓದಿ ಮುಚ್ಚಿಡಲಿಲ್ಲ. 'ನಾನ್ ಕಂಪ್ಲೈಂಟ್'ನ ಗಿಡ್ಡ ರೂಪವಾದ 'ಎನ್‌ಸಿ' ಅನ್ನುವ ಎರಡು ಅಕ್ಷರಗಳನ್ನು ಎಷ್ಟೋ ಹೆಂಗಸರು ಮೈ ಮೇಲೆ ಹಚ್ಚೆ ಹಾಕಿಸಿಕೊಂಡರು. ಕಥೆಯಲ್ಲಿ ಆಳುವವರು ಅವಮಾನಕ್ಕೆಂದು ಕೊಟ್ಟ ಗುರುತನ್ನು ಹೊರಗಿನವರು ತಾವಾಗಿ ಕೇಳಿ ಪಡೆದರು.

ಈಗ ಇದಕ್ಕಿಂತ ಹಳೆಯ, ಇದಕ್ಕಿಂತ ಹೆಸರುವಾಸಿಯಾದ ಒಂದು ಕೃತಿ. 'ವಿ ಫಾರ್ ವೆಂಡೆಟಾ' 1982ರಲ್ಲಿ ಬ್ರಿಟನ್ನಿನ 'ವಾರಿಯರ್' ಪತ್ರಿಕೆಯಲ್ಲಿ ಶುರುವಾಯಿತು. ಬರೆದವರು ಅಲನ್ ಮೂರ್, ಚಿತ್ರ ಡೇವಿಡ್ ಲಾಯ್ಡ್. ಅಣುಯುದ್ಧದ ನಂತರ ಫ್ಯಾಸಿಸ್ಟರ ಕೈಗೆ ಸಿಕ್ಕ ಇಂಗ್ಲೆಂಡ್. ಮುಖವಾಡದ ಬಂಡಾಯಗಾರ, ಅವನ ಜೊತೆ ಹದಿನಾರರ ಹುಡುಗಿ ಈವಿ. ಈ ಕೃತಿಯ ಬಗ್ಗೆ ಹೆಣ್ಣಿನ ಕಡೆಯಿಂದ ಮಾತಾಡುವವರು ಸಾಮಾನ್ಯವಾಗಿ ಈವಿಯ ಸೆರೆವಾಸದ ಅಧ್ಯಾಯಕ್ಕೇ ಬರುತ್ತಾರೆ. ಅವಳ ತಲೆ ಬೋಳಿಸುತ್ತಾರೆ, ಹಿಂಸೆ ಕೊಡುತ್ತಾರೆ. ಗೋಡೆಯ ಇಲಿ ಬಿಲದಲ್ಲಿ ಟಾಯ್ಲೆಟ್ ಪೇಪರಿನ ಮೇಲೆ ಬರೆದ ಪತ್ರವೊಂದು ಅವಳಿಗೆ ಸಿಗುತ್ತದೆ. ಬರೆದವಳು ವ್ಯಾಲೆರಿ. ನಟಿಯಾಗಿದ್ದವಳು, ಇನ್ನೊಬ್ಬ ಹೆಣ್ಣನ್ನು ಪ್ರೀತಿಸಿದ ತಪ್ಪಿಗೆ ಶಿಬಿರದಲ್ಲಿ ಸತ್ತವಳು. ಆ ಪತ್ರ ಓದಿ ಕಣ್ಣು ಒದ್ದೆಯಾಗದವರು ಕಡಿಮೆ.

ಆದರೆ ಈವಿಯನ್ನು ಸೆರೆಯಲ್ಲಿಟ್ಟವನು ನಾಯಕನೇ. ಅವಳಿಗೆ ಸ್ವಾತಂತ್ರ್ಯ ಕಲಿಸಲು ಹಿಂಸೆ ಕೊಟ್ಟೆ ಅನ್ನುತ್ತಾನೆ. ಅವಳು ಕೊನೆಗೆ ಒಪ್ಪುತ್ತಾಳೆ, ಕಥೆಯೂ ಒಪ್ಪುತ್ತದೆ. ನಾನು ಒಪ್ಪುವುದಿಲ್ಲ. ವರ್ಷಗಳ ಹಿಂದೆ ಓದಿದಾಗ ಆ ಅಧ್ಯಾಯದ ಕೊನೆಯ ಮಳೆಯ ಚಿತ್ರದ ಸೊಬಗಿಗೆ ಮರುಳಾಗಿದ್ದೆ. ಈಗ ಓದಿದರೆ, 'ನಿನ್ನ ಒಳ್ಳೆಯದಕ್ಕೇ ಹೊಡೆದೆ' ಅನ್ನುವ ಮಾತೇ ಕೇಳಿಸುತ್ತದೆ. ಆ ಮಾತನ್ನು ಹೆಣ್ಣುಮಕ್ಕಳು ಸರ್ವಾಧಿಕಾರಿಗಳಿಂದ ಕೇಳಿದ್ದಕ್ಕಿಂತ ಮನೆಯವರಿಂದ ಕೇಳಿದ್ದು ಜಾಸ್ತಿ, ಅಲ್ವಾ?

ವಿಚಿತ್ರ ಅಂದರೆ, ಇದಕ್ಕೆ ಉತ್ತರ ಅದೇ ಪುಸ್ತಕದಲ್ಲಿದೆ. ಜನ ಜಾಸ್ತಿ ಮಾತಾಡದ ಒಬ್ಬ ಪಾತ್ರದಲ್ಲಿ. ಅವಳ ಹೆಸರು ರೋಸ್‌ಮೇರಿ ಆಲ್ಮಂಡ್. ಗಂಡ ಡೆರೆಕ್ ಗುಪ್ತ ಪೊಲೀಸ್ ಪಡೆಯ ಮುಖ್ಯಸ್ಥ. ಮನೆಯಲ್ಲಿ ಹೆಂಡತಿಗೆ ಹೊಡೆಯುತ್ತಾನೆ. ಒಂದು ರಾತ್ರಿ ಪಿಸ್ತೂಲನ್ನು ಅವಳ ಕಡೆ ಗುರಿಯಿಟ್ಟು ಕುದುರೆ ಎಳೆಯುತ್ತಾನೆ. ಖಾಲಿ ಸದ್ದು. ಗುಂಡು ಹಾಕಿರಲಿಲ್ಲ. ಅವಳ ಮುಖದಲ್ಲಿ ಭಯ ನೋಡುವುದಷ್ಟೇ ಅವನಿಗೆ ಬೇಕಿತ್ತು. ಆಮೇಲೆ ಅವನು ಮುಖವಾಡದವನ ಎದುರು ನಿಲ್ಲುತ್ತಾನೆ. ಪಿಸ್ತೂಲು ಎತ್ತಿ ಕುದುರೆ ಎಳೆಯುತ್ತಾನೆ. ಮತ್ತೆ ಖಾಲಿ ಸದ್ದು. ಗುಂಡು ತುಂಬುವುದನ್ನೇ ಮರೆತಿದ್ದಾನೆ. ಅಲ್ಲೇ ಸಾಯುತ್ತಾನೆ.

ಈ ಎರಡು ಖಾಲಿ ಸದ್ದುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಊರನ್ನು ಹೆದರಿಸುವ ಆಯುಧ, ಹೆಂಡತಿಯನ್ನು ಹೆದರಿಸುವ ಆಯುಧ, ಎರಡೂ ಒಂದೇ. ಆಳ್ವಿಕೆಯ ಕ್ರೌರ್ಯ ಬೀದಿಯಲ್ಲಿ ಶುರುವಾಗಿ ಮನೆಗೆ ಬರುವುದಿಲ್ಲ, ಎರಡು ಕಡೆಯೂ ಒಂದೇ ಕೈ ಇದೆ ಅನ್ನುವುದನ್ನು ಯಾವ ಭಾಷಣವೂ ಇಲ್ಲದೆ ಆ ಪುಟಗಳು ತೋರಿಸುತ್ತವೆ.

ಗಂಡ ಸತ್ತ ಮೇಲೆ ರೋಸ್‌ಮೇರಿಗೆ ದಿಕ್ಕಿಲ್ಲ. ಕೈಯಲ್ಲಿ ಕಾಸಿಲ್ಲ. ಇಷ್ಟವಿಲ್ಲದ ಇನ್ನೊಬ್ಬನ ಆಸರೆ ಹಿಡಿಯುತ್ತಾಳೆ, ಅವನೂ ಸಾಯುತ್ತಾನೆ. ಕೊನೆಗೆ ಕ್ಯಾಬರೆಯಲ್ಲಿ ಅರೆಬೆತ್ತಲೆ ಕುಣಿಯುವ ಕೆಲಸ. ಪ್ರತಿ ಮೆಟ್ಟಿಲು ಇಳಿಯುವಾಗಲೂ ಅವಳ ಮುಖ ಇನ್ನಷ್ಟು ಖಾಲಿಯಾಗುತ್ತದೆ. ಒಂದು ದಿನ ಅವಳು ಒಂದು ಪಿಸ್ತೂಲು ಕೊಳ್ಳುತ್ತಾಳೆ. ಮೆರವಣಿಗೆಯಲ್ಲಿ ಬರುತ್ತಿದ್ದ ಸರ್ವಾಧಿಕಾರಿಯನ್ನು ಕೊಲ್ಲುವುದು ಮುಖವಾಡದ ವೀರನಲ್ಲ, ಈ ಹೆಂಗಸು. 2005ರಲ್ಲಿ ತಯಾರಾದ ಸಿನಿಮಾದಲ್ಲಿ ಅವಳಿಲ್ಲ. ಮುಖವಾಡ ಉಳಿಯಿತು, ಜಗತ್ತಿನ ಬೀದಿ ಬೀದಿಗೆ ಹೋಯಿತು. ರೋಸ್‌ಮೇರಿ ಹೋಗಲಿಲ್ಲ. ನನಗೆ ಇದು ನೋವಿನ ಸಂಗತಿ. ಇಡೀ ಪುಸ್ತಕದಲ್ಲಿ ಯಾರ ಪಾಠವೂ ಇಲ್ಲದೆ, ಯಾರ ಅಪ್ಪಣೆಯೂ ಇಲ್ಲದೆ ಬಂಡೆದ್ದವಳು ಅವಳೊಬ್ಬಳು.

ಮೂರ್ ಅದೇ ಹೊತ್ತಿಗೆ ಇನ್ನೊಂದು ಕೆಲಸ ಮಾಡುತ್ತಿದ್ದರು. 1984ರಲ್ಲಿ, ಹೆಚ್ಚಾಗಿ ಗಂಡುಹುಡುಗರೇ ಓದುತ್ತಿದ್ದ '2000 ಎಡಿ' ವಾರಪತ್ರಿಕೆಯಲ್ಲಿ 'ದಿ ಬ್ಯಾಲಡ್ ಆಫ್ ಹೇಲೊ ಜೋನ್ಸ್' ಬರತೊಡಗಿತು. ಚಿತ್ರ ಇಯಾನ್ ಗಿಬ್ಸನ್. ಹೇಲೊ ಯಾರು? ಯಾರೂ ಅಲ್ಲ. ಕೆಲಸವಿಲ್ಲದ ಒಬ್ಬ ಹುಡುಗಿ. ಕೆಲಸವಿಲ್ಲದವರನ್ನೆಲ್ಲ ಸಮುದ್ರದ ಮೇಲೆ ತೇಲುವ ಒಂದು ಕೊಳೆಗೇರಿಯಲ್ಲಿ ತಳ್ಳಿಟ್ಟಿದ್ದಾರೆ, ಅಲ್ಲಿ ಗೆಳತಿಯರ ಜೊತೆ ಇದ್ದಾಳೆ. ಮೊದಲ ಭಾಗದ ದೊಡ್ಡ ಸಾಹಸ ಏನು ಗೊತ್ತಾ? ಮನೆಗೆ ಸಾಮಾನು ತರಲು ಅಂಗಡಿಗೆ ಹೋಗಿ ಜೀವಸಹಿತ ವಾಪಸ್ ಬರುವುದು. ಗುಂಡಿನ ಸದ್ದು ಬಯಸಿದ್ದ ಹುಡುಗರಿಗೆ ಇದು ಹಿಡಿಸಲಿಲ್ಲ. ನನಗೆ ಮಾತ್ರ ಸ್ತ್ರೀವಾದಿ ಸೈನ್ಸ್ ಫಿಕ್ಷನ್‌ನ ಅತಿ ದಿಟ್ಟ ಕಲ್ಪನೆಗಳಲ್ಲಿ ಇದೂ ಒಂದು ಅನ್ನಿಸುತ್ತದೆ. ಮನೆಯಿಂದ ಹೊರಗೆ ಕಾಲಿಡುವಾಗ ಯಾವ ದಾರಿ, ಯಾವ ಹೊತ್ತು, ಜೊತೆಗೆ ಯಾರು ಅಂತ ಲೆಕ್ಕ ಹಾಕುವುದು ಹೆಣ್ಣಿಗೆ ಹೊಸದೇ? ಆ ಲೆಕ್ಕವನ್ನೇ ಕಥೆಯ ಬೆನ್ನೆಲುಬು ಮಾಡಿದರು.

ಎರಡನೇ ಭಾಗದಲ್ಲಿ ಹೇಲೊ ಕೆಲಸಕ್ಕೆ ಸೇರುವ ಬಾಹ್ಯಾಕಾಶ ನೌಕೆಯಲ್ಲಿ ಗ್ಲಿಫ್ ಎಂಬ ಒಂದು ಜೀವವಿದೆ. ಎಷ್ಟು ಸಲ ಗಂಡಾಗಿ ಹೆಣ್ಣಾಗಿ ಬದಲಾಗಿದೆಯೆಂದರೆ ಅದರ ಗುರುತೇ ಅಳಿಸಿಹೋಗಿದೆ. ಎದುರಿಗೇ ನಿಂತರೂ ಯಾರಿಗೂ ಕಾಣುವುದಿಲ್ಲ, ಹೇಳಿದ್ದು ಯಾರಿಗೂ ನೆನಪಿರುವುದಿಲ್ಲ. ಸಂಬಂಧಪಟ್ಟ ಪುಟಗಳು ಕೆಲವೇ, ಆದರೆ ಎದೆಯಲ್ಲಿ ಕೂರುತ್ತವೆ. ಮೂರನೇ ಭಾಗದಲ್ಲಿ ಹೇಲೊ ಸೈನ್ಯ ಸೇರುತ್ತಾಳೆ. ದೇಶಪ್ರೇಮಕ್ಕಲ್ಲ, ಬೇರೆ ಕೆಲಸ ಸಿಗಲಿಲ್ಲ ಅಂತ. ಗುರುತ್ವ ವಿಪರೀತವಾದ ಒಂದು ಗ್ರಹದಲ್ಲಿ ಯುದ್ಧ. ಅಲ್ಲಿ ಸಮಯವೂ ಕುಗ್ಗುತ್ತದೆ. ಕೆಲವೇ ನಿಮಿಷ ಹೋರಾಡಿ ಹೊರಗೆ ಬಂದರೆ ಆಚೆ ಎಷ್ಟೋ ದಿನ ಕಳೆದಿರುತ್ತದೆ. ಬಡವರ ಮನೆ ಹೆಣ್ಣಿನ ವಯಸ್ಸು ಹೀಗೇ ಯಾರದೋ ಕೆಲಸಕ್ಕೆ ಕರಗಿಹೋಗುವುದನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ.

ಇನ್ನೊಂದು ಬಗೆಯ ಕಥೆಗಳಿವೆ. ರೋಗ ಬಂದು ಗಂಡಸರು ಸಾಯುತ್ತಾರೆ. ಹೆಂಗಸರ ಲೋಕ ಹೇಗಿರುತ್ತದೆ? ಇದರಲ್ಲಿ ಹೆಚ್ಚು ಹೆಸರು ಮಾಡಿದ್ದು 'ವೈ: ದಿ ಲಾಸ್ಟ್ ಮ್ಯಾನ್'. 2002ರಿಂದ 2008ರವರೆಗೆ 60 ಸಂಚಿಕೆಗಳು. ಬರೆದವರು ಬ್ರಯಾನ್ ಕೆ. ವಾನ್, ಚಿತ್ರ ಹೆಚ್ಚಾಗಿ ಪಿಯಾ ಗೆರಾ ಅವರದು. ಒಬ್ಬ ಯುವಕ, ಅವನ ಸಾಕು ಕೋತಿ ಬಿಟ್ಟರೆ ಭೂಮಿಯ ಗಂಡು ಸಸ್ತನಿಗಳೆಲ್ಲ ಒಮ್ಮೆಗೇ ಸಾಯುತ್ತವೆ. ಇದರ ಶಕ್ತಿ ಇರುವುದು ವಿವರಗಳಲ್ಲಿ. ಪೈಲಟ್‌ಗಳು, ಲಾರಿ ಚಾಲಕರು, ಮೆಕ್ಯಾನಿಕ್‌ಗಳು ಬಹುಪಾಲು ಗಂಡಸರೇ ಆಗಿದ್ದರಿಂದ ಲೋಕವೇ ನಿಂತುಹೋಗುತ್ತದೆ. ಯಾವ ಕೆಲಸಕ್ಕೆ ಹೆಣ್ಣನ್ನು ಬಿಟ್ಟುಕೊಂಡಿರಲಿಲ್ಲ ಅನ್ನುವುದರ ಲೆಕ್ಕ ಹೆಣಗಳ ಲೆಕ್ಕದಿಂದಲೇ ಸಿಗುತ್ತದೆ. ಮಾಡೆಲ್ ಆಗಿದ್ದವಳೊಬ್ಬಳು ಈಗ ಕಸದ ಲಾರಿಯಲ್ಲಿ ಹೆಣ ತುಂಬುತ್ತಾಳೆ. ಗೆರಾ ಬರೆದ ಹೆಂಗಸರು ಕೆಲಸದ ಬಟ್ಟೆಯಲ್ಲಿರುತ್ತಾರೆ, ದಣಿದಿರುತ್ತಾರೆ, ಒಬ್ಬರ ಹಾಗೆ ಇನ್ನೊಬ್ಬರಿರುವುದಿಲ್ಲ. ಅಷ್ಟಾದರೂ ಕಥೆಯ ನಡುವೆ ಇರುವುದು ಗಂಡಸೇ. ಹೆಂಗಸರೆಲ್ಲ ಅವನನ್ನು ಕಾಪಾಡುತ್ತಾ, ಬೇಟೆಯಾಡುತ್ತಾ, ಪ್ರೀತಿಸುತ್ತಾ ಸುತ್ತುತ್ತಾರೆ. ವೈ ಕ್ರೋಮೊಸೋಮ್ ಇದ್ದವರೆಲ್ಲ ಗಂಡಸರು ಅನ್ನುವ ಲೆಕ್ಕವೂ ತೊಡಕಿನದು. ಟ್ರಾನ್ಸ್ ಜನರಿಗೆ ಕಾಮಿಕ್ಸ್‌ನಲ್ಲಿ ಸರಿಯಾದ ಜಾಗವೇ ಸಿಗಲಿಲ್ಲ. 2021ರ ಟಿವಿ ಸರಣಿ ಒಬ್ಬ ಟ್ರಾನ್ಸ್ ಪುರುಷನನ್ನು ಮುಖ್ಯ ಪಾತ್ರ ಮಾಡಿ ಇದನ್ನು ತಿದ್ದಲು ನೋಡಿತು. ಒಂದೇ ಸೀಸನ್‌ಗೆ ಅದು ನಿಂತಿತು.

ಇದೇ ಕಲ್ಪನೆಯನ್ನು ಫುಮಿ ಯೋಶಿನಾಗಾ ಜಪಾನಿನಲ್ಲಿ ಬೇರೆಯೇ ಎತ್ತರಕ್ಕೆ ಒಯ್ದರು. 2004ರಲ್ಲಿ ಶುರುವಾದ 'ಓಓಕು' 19 ಸಂಪುಟಗಳಷ್ಟು ಬೆಳೆಯಿತು. 2009ರ ಟಿಪ್‌ಟ್ರೀ ಪ್ರಶಸ್ತಿ ಅದಕ್ಕೂ ಸಿಕ್ಕಿತು. ಲಿಂಗದ ಬಗ್ಗೆ ಹೊಸದಾಗಿ ಯೋಚಿಸುವ ಸೈನ್ಸ್ ಫಿಕ್ಷನ್ ಮತ್ತು ಫ್ಯಾಂಟಸಿಗೆ ಕೊಡುತ್ತಿದ್ದ ಪ್ರಶಸ್ತಿ ಅದು. ಕಥೆ ಮುಂದಿನ ಕಾಲದ್ದಲ್ಲ, ಶೋಗನ್‌ಗಳು ಎಂಬ ಸೇನಾಧಿಪತಿಗಳು ಜಪಾನನ್ನು ಆಳುತ್ತಿದ್ದ ಎಡೊ ಕಾಲದ್ದು. ಹುಡುಗರಿಗೆ ಮಾತ್ರ ತಗಲುವ ಒಂದು ಸಿಡುಬಿನಂಥ ರೋಗದಿಂದ ಗಂಡಸರ ಸಂಖ್ಯೆ ಕಾಲು ಭಾಗಕ್ಕೆ ಇಳಿಯುತ್ತದೆ. ಹೊಲ, ಅಂಗಡಿ, ಕೊನೆಗೆ ಶೋಗನ್ ಪಟ್ಟ, ಎಲ್ಲ ಹೆಂಗಸರ ಕೈಗೆ ಬರುತ್ತದೆ. ಅರಮನೆಯ ಅಂತಃಪುರದಲ್ಲಿ ಈಗ ಸಾವಿರಾರು ಚೆಲುವ ಗಂಡಸರು. ಬಡ ಮನೆಗಳು ಮಗನನ್ನು ಬೀಜಕ್ಕೆಂದು ಬಾಡಿಗೆಗೆ ಕೊಡುತ್ತವೆ. ಮದುವೆಯಾಗದ ಶೋಗನ್ ಜೊತೆ ಮೊದಲ ರಾತ್ರಿ ಕಳೆದ ಗಂಡಸನ್ನು ಕೊಲ್ಲಬೇಕು ಅನ್ನುವುದು ಅಂತಃಪುರದ ಕಟ್ಟಳೆ. ಯಾರು ಯಾರ ಜಾಗದಲ್ಲಿ ಕೂತರೂ, ಕೂರುವ ಪೀಠ ಅದೇ ಆಗಿದ್ದರೆ ಕ್ರೌರ್ಯವೂ ಅದೇ. 'ಹೆಂಗಸರು ಆಳಿದರೆ ಲೋಕ ತಾನಾಗಿ ಒಳ್ಳೆಯದಾಗುತ್ತದೆ' ಅನ್ನುವ ಸುಲಭದ ನಂಬಿಕೆಗೂ, 'ಹೆಂಗಸರು ಆಳಿದರೆ ಎಲ್ಲ ಹಾಳು' ಅನ್ನುವ ಹಳೇ ಹೆದರಿಕೆಗೂ ಯೋಶಿನಾಗಾ ಸೊಪ್ಪು ಹಾಕುವುದಿಲ್ಲ.

ಅದರ ಮೊದಲ ಸಂಪುಟದ ಒಂದು ಎಳೆ ನನ್ನನ್ನು ಬಿಟ್ಟಿಲ್ಲ. ಹೊಸದಾಗಿ ಪಟ್ಟಕ್ಕೆ ಬಂದ ಯೋಶಿಮುನೆಗೆ ಒಂದು ಅನುಮಾನ. ನಾವೆಲ್ಲ ಹೆಂಗಸರು, ಆದರೆ ದಾಖಲೆಯಲ್ಲಿ ಗಂಡು ಹೆಸರು ಯಾಕೆ? ಅವಳು ಹಳೇ ದಫ್ತರ ತೆಗೆಸಿ ಓದಲು ಕೂರುತ್ತಾಳೆ. ಅಲ್ಲಿಂದ ಕಥೆ ಹಿಂದಕ್ಕೆ ಸರಿದು, ಮರೆಯಾದ ಹೆಂಗಸರ ಬದುಕು ತೆರೆದುಕೊಳ್ಳುತ್ತದೆ. ನಮ್ಮ ಲೋಕದ ಇತಿಹಾಸದಲ್ಲಿ ಬರೀ ಗಂಡು ಹೆಸರುಗಳೇ ಕಾಣುವುದನ್ನು ಆಮೇಲೆ ಮೊದಲಿನಷ್ಟು ಸಲೀಸಾಗಿ ಓದಲು ಆಗುವುದಿಲ್ಲ.

ಇಲ್ಲಿವರೆಗೆ ಹೇಳಿದ ಹೆಚ್ಚಿನ ಕೃತಿಗಳಲ್ಲಿ ಬರೆದವರೋ ಚಿತ್ರಗಾರರೋ ಗಂಡಸರೇ. ಹೆಂಗಸರು ಬರೆಯಲಿಲ್ಲವೇ? ಬರೆದರು. ಫ್ರಾನ್ಸ್‌ನಲ್ಲಿ 1976ರಲ್ಲಿ 'ಆ! ನಾನಾ' ಎಂಬ ಕಾಮಿಕ್ಸ್ ಪತ್ರಿಕೆ ಶುರುವಾಯಿತು, ಹೆಂಗಸರೇ ಬರೆದು ನಡೆಸಿದ್ದು. ಸೈನ್ಸ್ ಫಿಕ್ಷನ್‌ಗೆ ಹೆಸರಾದ 'ಮೆತಾಲ್ ಯೂರ್ಲಾಂ' ಪತ್ರಿಕೆಯ ಪ್ರಕಾಶಕರೇ ಇದನ್ನೂ ಹೊರತಂದರು. 'ಮೆತಾಲ್ ಯೂರ್ಲಾಂ' ಪುಟಗಳಲ್ಲಿ ಬೆತ್ತಲೆ ಹೆಣ್ಣುಗಳ ಚಿತ್ರಕ್ಕೆ ಕೊರತೆಯೇನೂ ಇರಲಿಲ್ಲ. ಆದರೆ 1978ರಲ್ಲಿ, ವಯಸ್ಸಿಗೆ ಬಾರದವರಿಗೆ ಮಾರಬಾರದು ಎಂಬ ಆದೇಶದ ಹೊಡೆತಕ್ಕೆ 9 ಸಂಚಿಕೆಗಳಲ್ಲೇ ಮುಚ್ಚಿಹೋಗಿದ್ದು 'ಆ! ನಾನಾ'. ಗಂಡಸರು ಬರೆದದ್ದು ಕಲ್ಪನೆ, ಹೆಂಗಸರು ಬರೆದದ್ದು ಅಶ್ಲೀಲ ಅನ್ನುವ ಹಾಗಾಯಿತು.

ಅಲ್ಲಿ ಬರೆಯುತ್ತಿದ್ದವರಲ್ಲಿ ಶಾಂತಾಲ್ ಮಾಂತೆಲ್ಯೆ ಒಬ್ಬರು. ಅವರ 'ಶೆಲ್ಟರ್' ಕಥೆಯಲ್ಲಿ, ಹೊರಗೆ ಅಣುಬಾಂಬ್ ಬಿದ್ದಿದೆ ಅಂತ ಹೇಳಿ ನೆಲದಡಿಯ ಒಂದು ಮಾಲ್‌ನಲ್ಲಿ ಜನರನ್ನು ಮುಚ್ಚಿಡುತ್ತಾರೆ. ಹೊರಗೆ ಹೋಗುವ ಹಾಗಿಲ್ಲ. ದಿನ ಕಳೆದಂತೆ ಆ ಮಾಲ್ ಒಂದು ಪುಟ್ಟ ಫ್ಯಾಸಿಸ್ಟ್ ರಾಜ್ಯವಾಗುತ್ತದೆ. ಸುರಕ್ಷತೆಯ ಹೆಸರಲ್ಲಿ ಎಲ್ಲ. 'ನಿನ್ನ ರಕ್ಷಣೆಗೇ' ಅನ್ನುವ ಮಾತು ಬೇಲಿಯಾಗುವುದನ್ನು ಹೆಣ್ಣಿಗೆ ವಿವರಿಸಿ ಹೇಳಬೇಕಿಲ್ಲ.

ಈ ಪುಸ್ತಕಗಳೆಲ್ಲ ಹಳೇ ಕಾಲದ ಕಲ್ಪನೆ ಅಂತ ಬದಿಗಿಡಲು ಈಗಿನ ಸುದ್ದಿ ಬಿಡುತ್ತಿಲ್ಲ. 1985ರ 'ದಿ ಹ್ಯಾಂಡ್‌ಮೇಡ್ಸ್ ಟೇಲ್' ಕಾದಂಬರಿಯನ್ನು ರೆನೇ ನಾಲ್ಟ್ 2019ರಲ್ಲಿ ಚಿತ್ರಗಳಲ್ಲಿ ಹೇಳಿದರು. ಹೆರುವುದಕ್ಕೆಂದೇ ಇಟ್ಟುಕೊಂಡ ಹೆಂಗಸರ ಕೆಂಪು ನಿಲುವಂಗಿ, ಮಸುಕು ಜಲವರ್ಣದ ನಡುವೆ ಗಾಯದ ಹಾಗೆ ಎದ್ದು ಕಾಣುತ್ತದೆ. ಆ ಕೆಂಪು ಬಟ್ಟೆ ಅಷ್ಟರಲ್ಲಾಗಲೇ ಬೀದಿಗೆ ಬಂದಿತ್ತು. 2017ರ ಮಾರ್ಚ್‌ನಲ್ಲಿ ಟೆಕ್ಸಾಸ್ ಶಾಸನಸಭೆಯ ಗ್ಯಾಲರಿಯಲ್ಲಿ ಹೆಂಗಸರು ಅದನ್ನುಟ್ಟು ಸುಮ್ಮನೆ ಕೂತರು, ಗರ್ಭಪಾತ ಕಾಯ್ದೆಗಳನ್ನು ವಿರೋಧಿಸಿ. 2022ರ ಜೂನ್ 24ರಂದು ಅಮೆರಿಕದ ಸುಪ್ರೀಂ ಕೋರ್ಟ್ ಗರ್ಭಪಾತದ ಸಂವಿಧಾನಬದ್ಧ ಹಕ್ಕನ್ನು ತೆಗೆದುಹಾಕಿತು. 1973ರಿಂದ ಇದ್ದ ಹಕ್ಕು ಅದು.

ಅದೇ ಟೆಕ್ಸಾಸ್‌ನ ಲಿಯಾಂಡರ್ ಶಾಲಾ ಜಿಲ್ಲೆ 2021ರಲ್ಲಿ ಹಲವು ಪುಸ್ತಕಗಳನ್ನು ತರಗತಿಗಳಿಂದ ಹಿಂದಕ್ಕೆ ತೆಗೆದುಕೊಂಡಿತು. ಅವುಗಳಲ್ಲಿ ನಾಲ್ಟ್ ಅವರ ಪುಸ್ತಕವಿತ್ತು. 'ವಿ ಫಾರ್ ವೆಂಡೆಟಾ' ಇತ್ತು. 'ವೈ: ದಿ ಲಾಸ್ಟ್ ಮ್ಯಾನ್' ಕೂಡ ಇತ್ತು. ಇಲ್ಲಿ ಮಾತಾಡಿದ ಮೂರು ಪುಸ್ತಕಗಳು ಒಂದೇ ಪಟ್ಟಿಯಲ್ಲಿ. ಚಿತ್ರ ಇರುವ ಪುಸ್ತಕದ ಮೇಲೆ ದೂರು ಹೇಳುವುದು ಸುಲಭ. ಕಾದಂಬರಿಯನ್ನು ವಿರೋಧಿಸಲು ಒಂದಿಷ್ಟಾದರೂ ಓದಬೇಕು. ಕಾಮಿಕ್ಸ್‌ನಿಂದ ಒಂದು ಚೌಕ ಕತ್ತರಿಸಿ ಸಭೆಯಲ್ಲಿ ಎತ್ತಿ ಹಿಡಿದರೆ ಸಾಕು. ಹಿಂದಿನ ಚೌಕದಲ್ಲಿ ಏನಾಯಿತು, ಮುಂದಿನದರಲ್ಲಿ ಏನಾಗುತ್ತದೆ, ಆ ಮೈ ಯಾಕೆ ಬೆತ್ತಲಾಗಿದೆ, ಬೆತ್ತಲು ಮಾಡಿದವರು ಯಾರು, ಇದ್ಯಾವುದೂ ಆ ತುಂಡಿನಲ್ಲಿ ಇರುವುದಿಲ್ಲ.

ಹೊರಗಿನಿಂದ ಬರುವ ಕತ್ತರಿ ಇದು. ಒಳಗಿನಿಂದಲೂ ಕಥೆಗಳು ತುಂಡಾಗಿವೆ. 'ಬಿಚ್ ಪ್ಲಾನೆಟ್' 2017ರಲ್ಲಿ 10ನೇ ಸಂಚಿಕೆಗೆ ನಿಂತಿತು. ಕಮಾವು ಕಥೆ ಅರ್ಧದಲ್ಲೇ ಇದೆ. ಹೇಲೊ ಜೋನ್ಸ್‌ಗೆ 9 ಭಾಗಗಳ ಯೋಜನೆ ಇತ್ತು. ಹಕ್ಕು ಯಾರದು ಅನ್ನುವ ವಿಷಯದಲ್ಲಿ ಮೂರ್ ಮತ್ತು ಪ್ರಕಾಶಕರ ನಡುವೆ ಒಡಕಾಗಿ, 1986ರಲ್ಲಿ ಮೂರಕ್ಕೇ ನಿಂತಿತು.

ಆದರೆ ಎರಡನೇ ಭಾಗದ ಶುರುವಿನಲ್ಲಿ ಒಂದು ಅಧ್ಯಾಯವಿದೆ. ಹೇಲೊ ಕಾಲ ಮುಗಿದು ಎಷ್ಟೋ ಶತಮಾನಗಳಾದ ಮೇಲೆ, ಒಂದು ತರಗತಿಯಲ್ಲಿ ಇತಿಹಾಸದ ಮೇಷ್ಟ್ರೊಬ್ಬರು ಅವಳ ಬಗ್ಗೆ ಪಾಠ ಮಾಡುತ್ತಿದ್ದಾರೆ. ಅಷ್ಟು ಹೊತ್ತಿಗೆ ಅವಳು ದಂತಕಥೆ. ಅವಳ ಬದುಕಿನ ಚೂರುಪಾರು ಒಟ್ಟುಮಾಡುವುದೇ ಅವರ ಕೆಲಸವಾಗಿದೆ. ಎಲ್ಲಿಗೆ ಹೋದಳು? ಹೊರಗೆ. ಏನು ಮಾಡಿದಳು? ಎಲ್ಲ. ಅಂಗಡಿಗೆ ಹೋಗಿ ಬರುವುದೇ ಸಾಹಸವಾಗಿದ್ದ ಆ ಹುಡುಗಿ ಮೂರನೇ ಭಾಗದ ಕೊನೆಯಲ್ಲಿ ಒಂದು ನೌಕೆ ಹತ್ತಿ ಒಬ್ಬಳೇ ಹೊರಟುಹೋಗುತ್ತಾಳೆ. ಆ ನೌಕೆಗೂ ಈ ತರಗತಿಗೂ ನಡುವಿನ ಪುಟಗಳನ್ನು ಯಾರೂ ಬರೆದಿಲ್ಲ.